ಕಾರ್ಡ್ ಲಿಮಿಟ್ ಜಾಸ್ತಿ ಕೇಳಿದೆ, ಸ್ಕೋರ್ ಏನಾಯಿತು?

ತುಮಕೂರಿನ ಮನೆ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸುತ್ತಿದ್ದೆವು. ಟೈಲ್ಸ್, ನಲ್ಲಿ, ಕಮೋಡು ಎಲ್ಲಾ ಒಂದೇ ಅಂಗಡಿಯಲ್ಲಿ ತೆಗೆದುಕೊಂಡು ಕ್ರೆಡಿಟ್ ಕಾರ್ಡ್ ಉಜ್ಜಿದೆ. "ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸರ್" ಅಂದರು. ಚೌಕಾಸಿ ಮಾಡಿ ಒಂದಕ್ಕೆ ಇಳಿಸಿದೆ. ಬಿಲ್ 1,28,400 ರೂಪಾಯಿ, ಕಾರ್ಡಿನ ಲಿಮಿಟ್ 1,50,000. ದುಡ್ಡು ಅಕೌಂಟಿನಲ್ಲೇ ಇತ್ತು. ಕೊನೆ ದಿನಕ್ಕೆ ಮೊದಲೇ ಪೂರ್ತಿ ಕಟ್ಟಿದೆ. ಆದರೂ ಆ ತಿಂಗಳು 802 ಇದ್ದ ನನ್ನ ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸುವುದರಲ್ಲಿ ನಾನೆಷ್ಟು ನಂಬಿಕಸ್ಥ ಅಂತ ಬ್ಯಾಂಕುಗಳು ನೋಡುವ ಅಂಕ, 768ಕ್ಕೆ ಇಳಿದಿತ್ತು.

ಒಂದು ಕಂತೂ ತಪ್ಪಿಸದವನಿಗೆ ಇದು ಉರಿಯುತ್ತೆ ಅಲ್ವಾ? ಕೂತು ನನ್ನ ಸಾಲ, ಕಾರ್ಡುಗಳ ಲೆಕ್ಕವಿರುವ ಸಿಬಿಲ್ ರಿಪೋರ್ಟ್ ಓದಿದೆ. ನಾನು ಕಟ್ಟಿದ ದಿನದ ಲೆಕ್ಕ ಅಲ್ಲಿರಲಿಲ್ಲ. ಬಿಲ್ ತಯಾರಾದ ದಿನ ಎಷ್ಟು ಬಾಕಿ ಇತ್ತೋ ಅದನ್ನೇ ಬ್ಯಾಂಕ್ ಕಳಿಸಿತ್ತು. ಒಂದೂವರೆ ಲಕ್ಷದ ಲಿಮಿಟ್‌ನಲ್ಲಿ 85 ಪರ್ಸೆಂಟ್‌ಗಿಂತ ಜಾಸ್ತಿ ಬಳಸಿದ್ದಾನೆ, ಇವನಿಗೆ ದುಡ್ಡಿನ ಅಡಚಣೆ ಇರಬೇಕು ಅನ್ನೋದು ಸಿಬಿಲ್‌ನವರ ಲೆಕ್ಕ. ಪೆಟ್ರೋಲಿಗೆ ಮಾತ್ರ ಬಳಸುವ ಇನ್ನೊಂದು ಕಾರ್ಡ್ ಇದೆ, ಅದರ ಲಿಮಿಟ್ 60,000. ಎರಡೂ ಸೇರಿಸಿದರೂ 61 ಪರ್ಸೆಂಟ್. 30ರ ಒಳಗೆ ಇಟ್ಟುಕೊಳ್ಳಿ ಅಂತ ಬಲ್ಲವರು ಹೇಳುತ್ತಾರೆ. ಮುಂದಿನ ತಿಂಗಳ ಬಿಲ್ ಬರೀ 11,000 ಬಂತು. ಬೇರೇನೂ ಮಾಡದೆಯೇ ಸ್ಕೋರ್ 796ಕ್ಕೆ ಏರಿತು.

ಹಾಗಾದರೆ ಲಿಮಿಟ್ ಜಾಸ್ತಿ ಮಾಡಿಸಿಕೊಂಡರೆ ಆಯಿತಲ್ಲ ಅಂದುಕೊಂಡೆ. ಮನೆಯವಳು ನಕ್ಕಳು. "ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತಾರೆ, ನೀವು ಹಾಸಿಗೇನೇ ಉದ್ದ ಮಾಡ್ಸೋಕೆ ಹೊರಟಿದ್ದೀರಲ್ರೀ." ನಿಜ ಹೇಳಬೇಕೆಂದರೆ ಸ್ಕೋರಿನ ಲೆಕ್ಕದಲ್ಲಿ ಹಾಸಿಗೆ ಉದ್ದ ಇದ್ದು ಕಾಲು ಮಡಚಿಕೊಂಡವನಿಗೇ ಮರ್ಯಾದೆ.

ಮೊದಲು ಹಳೇ ಕಾರ್ಡು. ಒಂಬತ್ತು ವರ್ಷದ್ದು. ಬ್ಯಾಂಕಿನ ಆ್ಯಪ್‌ನಲ್ಲಿ ಮೂರು ಲಕ್ಷಕ್ಕೆ ಏರಿಸುವ ಆಫರ್ ತಾನಾಗಿಯೇ ಬಂದು ಕೂತಿತ್ತು, ನಾನೇ ನೋಡಿರಲಿಲ್ಲ. ಒಪ್ಪಿಗೆ ಒತ್ತಿದೆ, ಒಟಿಪಿ ಹಾಕಿದೆ, ಮುಗಿಯಿತು. ನಾವು ಒಪ್ಪದೆ ಲಿಮಿಟ್ ಏರಿಸಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ, ಅದಕ್ಕೇ ಈ ಒಟಿಪಿ. ವಾರ ಬಿಟ್ಟು ರಿಪೋರ್ಟ್ ತೆಗೆದೆ. ಹೊಸ ಎನ್‌ಕ್ವೈರಿ, ಅಂದರೆ ಸಾಲಕ್ಕೋ ಲಿಮಿಟ್‌ಗೋ ಕೇಳಿದಾಗ ಬ್ಯಾಂಕ್ ನಮ್ಮ ರಿಪೋರ್ಟ್ ತೆಗೆಸಿ ನೋಡಿದ ದಾಖಲೆ, ಇಲ್ಲ; ಸ್ಕೋರ್ ಅಲುಗಾಡಿಲ್ಲ. ನಾವೇ ನಮ್ಮ ರಿಪೋರ್ಟ್ ನೋಡಿದರೂ ಸ್ಕೋರ್ ಬೀಳುತ್ತೆ ಅಂತ ಹೆದರುವವರಿದ್ದಾರೆ. ಬೀಳಲ್ಲ.

ಪೆಟ್ರೋಲ್ ಕಾರ್ಡಿಗೆ ಆಫರ್ ಇರಲಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಮೂರು ತಿಂಗಳ ಸಂಬಳದ ಚೀಟಿ ಕೇಳಿದರು. ಆಗಲೇ ಕೇಳಬೇಕಿತ್ತು, ರಿಪೋರ್ಟ್ ತೆಗೆಸ್ತೀರಾ ಅಂತ. ಕೇಳಲಿಲ್ಲ. ಚೀಟಿ ಕಳಿಸಿದ ಮಧ್ಯಾಹ್ನವೇ ಸಿಬಿಲ್‌ನಿಂದ ಮೇಲ್ ಬಂತು, ಇಂಥ ಬ್ಯಾಂಕ್ ನಿಮ್ಮ ರಿಪೋರ್ಟ್ ನೋಡಿದೆ ಅಂತ. 2024ರಿಂದ ಹೀಗೆ ತಿಳಿಸುವುದು ಕಡ್ಡಾಯ. ಲಿಮಿಟ್ ಒಂದು ಲಕ್ಷ ಆಯಿತು. ಸ್ಕೋರ್ 796ರಿಂದ 789. ಏಳೇ ಏಳು. ಟೈಲ್ಸ್ ಬಿಲ್ಲಿಗೆ 34 ಬಿದ್ದಿತ್ತು ನೋಡಿ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಒಂದು ರಾತ್ರಿ ನಿದ್ದೆ ಬಾರದೆ ಫೋನ್ ತಿರುವುತ್ತಿದ್ದೆ. "ನಿಮಗೆಷ್ಟು ಸಾಲ ಸಿಗುತ್ತೆ ನೋಡಿ" ಅಂತ ಒಂದು ಆ್ಯಪ್ ಕರೆಯಿತು. ಪ್ಯಾನ್ ನಂಬರ್ ಹಾಕಿ ಯಾವುದೋ ಚೌಕಕ್ಕೆ ಟಿಕ್ ಹೊಡೆದೆ. ಬೆಳಗ್ಗೆ ಎರಡು ಮೇಲ್. ರಿಪೋರ್ಟಿನ ಎನ್‌ಕ್ವೈರಿ ಭಾಗದಲ್ಲಿ ಎರಡು ಹೊಸ ಸಾಲು: ತಾರೀಕು, ಕಂಪನಿ ಹೆಸರು, ಪರ್ಸನಲ್ ಲೋನ್, ಐದು ಲಕ್ಷ. ಐದು ಲಕ್ಷ ನಾನು ಕೇಳೇ ಇಲ್ಲ! ಸ್ಕೋರ್ 774. ತಪ್ಪು ನನ್ನದೇ, ಷರತ್ತು ಓದದೆ ಟಿಕ್ ಹೊಡೆದವನು ನಾನೇ.

ಇನ್ನೊಂದು ವಿಷಯ. ಈ ರಿಪೋರ್ಟ್, ಸ್ಕೋರ್ ಕೊಡುವ ಬ್ಯೂರೋಗಳು ನಮ್ಮಲ್ಲಿ ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ನಾನು ನಾಲ್ಕನ್ನೂ ತೆಗೆದೆ. ಒಂದರಲ್ಲಿ ಎರಡು ತಿಂಗಳಾದರೂ ಹಳೇ ಒಂದೂವರೆ ಲಕ್ಷವೇ ಕೂತಿತ್ತು. ಲಿಮಿಟ್ ಏರಿಸಿಕೊಂಡ ಪ್ರಯೋಜನ ಅಲ್ಲಿ ಸೊನ್ನೆ. ಆನ್‌ಲೈನ್‌ನಲ್ಲೇ ದೂರು ಹಾಕಿದೆ. 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕು. ಹತ್ತೊಂಬತ್ತನೇ ದಿನಕ್ಕೇ ಸರಿಮಾಡಿಬಿಟ್ಟರು, ನೂರು ರೂಪಾಯಿ ಆಸೆ ಹೋಯಿತು.

ಅದೇ ಹೊತ್ತಿಗೆ ಮನೆ ಸಾಲಕ್ಕೆ ಟಾಪ್-ಅಪ್, ಅಂದರೆ ಇರುವ ಸಾಲದ ಮೇಲೆ ಇನ್ನಷ್ಟು ಸಾಲ, ಬೇಕಾಯಿತು. ಸ್ಕೋರ್ ನೋಡಿ ಬಡ್ಡಿಯ ಸ್ಲ್ಯಾಬ್ (ಯಾವ ಸ್ಕೋರಿಗೆ ಎಷ್ಟು ಬಡ್ಡಿ ಅನ್ನೋ ಹಂತ) ಹಾಕುವ ಬ್ಯಾಂಕುಗಳಲ್ಲಿ ನಮ್ಮದೂ ಒಂದು. 774 ನಮ್ಮ ಸ್ಲ್ಯಾಬಿಗೆ ಸಾಕಿತ್ತು. ಮ್ಯಾನೇಜರ್ ಸ್ಕೋರ್ ಕಡೆ ನೋಡಲೇ ಇಲ್ಲ, ನೇರ ಕೊನೆಯ ಪುಟಕ್ಕೆ ಹೋದರು.

"ಏನ್ ಸರ್, ಒಂದೇ ತಿಂಗಳಲ್ಲಿ ಮೂರು ಎನ್‌ಕ್ವೈರಿ? ಎಲ್ಲಾದ್ರೂ ಬೇರೆ ಸಾಲ ತಗೊಂಡ್ರಾ?"

ಇಲ್ಲ ಅಂದೆ. ಕಾರ್ಡಿನದ್ದು ವಿವರಿಸಿದೆ. ಉಳಿದ ಎರಡು?

"ಸುಮ್ನೆ ನೋಡೋಣ ಅಂತ ಒತ್ತಿದ್ದೆ ಸರ್."

"ಅದನ್ನೇ ಒಂದು ಹಾಳೆಯಲ್ಲಿ ಬರೆದು ಸೈನ್ ಮಾಡಿಕೊಡಿ, ಫೈಲಿಗೆ ಹಾಕ್ತೀನಿ" ಅಂತ ಪೆನ್ ಮುಂದೆ ತಳ್ಳಿದರು.