ಯಂತ್ರವನ್ನು ಎಲ್ಲಿ ಬಿಡಿಭಾಗಗಳಾಗಿ ವಿಂಗಡಿಸಬೇಕು?

ತುಮಕೂರಿನ ಅಂತರಸನಹಳ್ಳಿಯ ನಮ್ಮ ಶೆಡ್ಡಿನಲ್ಲಿ ರಾಗಿ ಹಸನು ಮಾಡುವ ಯಂತ್ರ ತಯಾರಾಗುತ್ತದೆ. ಪಾವಗಡದವರು ಅದೇ ಯಂತ್ರವನ್ನು ಕಡಲೆಕಾಯಿಗೆ ಕೇಳುತ್ತಾರೆ, ಗುಬ್ಬಿಯವರು ಸಿಂಗಲ್ ಫೇಸ್ ಮೋಟರ್ ಕೇಳುತ್ತಾರೆ. ಪ್ರತಿ ಗಿರಾಕಿಗೂ ಹೊಸ ಡ್ರಾಯಿಂಗ್ ತೆಗೆಯುತ್ತಾ ಕುಳಿತರೆ ವೆಲ್ಡರ್ ಕೂಲಿಯೂ ಗಿಟ್ಟುವುದಿಲ್ಲ. ಮಾಡ್ಯೂಲ್‌ಗಳಾಗಿ (ಉಳಿದದ್ದನ್ನು ಕದಲಿಸದೆ ಬದಲಿಸಬಲ್ಲ ಭಾಗಗಳಾಗಿ) ವಿಂಗಡಿಸಲೇಬೇಕು. ಆದರೆ ಸಾಗಿಸಲು ಸುಲಭವೆಂದು ಕಂಡಕಂಡಲ್ಲಿ ಬೋಲ್ಟ್ ಹಾಕುವುದು ಮಾಡ್ಯೂಲ್ ಅಲ್ಲ.

ಸ್ವೀಡನ್ನಿನ ಗುನ್ನಾರ್ ಎರಿಕ್ಸನ್ 1998ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ವಿವರಿಸಿದ ವಿಧಾನದಲ್ಲಿ ಒಂದು ಭಾಗವನ್ನು ಬೇರೆ ಮಾಡಲು 12 ಕಾರಣಗಳಿವೆ. ನಮ್ಮಂಥ ಸಣ್ಣ ಘಟಕಕ್ಕೆ ಮುಖ್ಯವಾದವು: ಮುಂದಿನ ಮಾದರಿಗೂ ಹಾಗೆಯೇ ಬರುವುದು, ಗಿರಾಕಿಯಿಂದ ಗಿರಾಕಿಗೆ ಬದಲಾಗುವುದು, ಹೊರಗಿನಿಂದ ಸಿದ್ಧವಾಗಿ ಸಿಗುವುದು, ಪ್ರತ್ಯೇಕವಾಗಿ ಪರೀಕ್ಷಿಸಬಹುದಾದದ್ದು, ಬೇಗ ಸವೆಯುವುದು.

ಒಂದು ಹಾಳೆಯ ಮೇಲೆ ಅಡ್ಡಸಾಲಿನಲ್ಲಿ ಹಾಪರ್ (ಕಾಳು ಸುರಿಯುವ ಬಾಯಿ), ಜರಡಿ, ಫ್ಯಾನ್, ಮೋಟರ್, ಚಾಸಿ (ತಳದ ಚೌಕಟ್ಟು) ಎಂದು ಬರೆಯಿರಿ. ಎಡಗಡೆ ಮೇಲಿನಿಂದ ಕೆಳಕ್ಕೆ ಕಾರಣಗಳನ್ನು ಬರೆಯಿರಿ. ಭಾಗಕ್ಕೂ ಕಾರಣಕ್ಕೂ ಸಂಬಂಧ ಬಲವಾಗಿದ್ದರೆ 9, ಮಧ್ಯಮವಾದರೆ 3, ಅಲ್ಪವಾದರೆ 1. ಇಲ್ಲದಿದ್ದರೆ ಖಾಲಿ ಬಿಡಿ. ಜರಡಿ ಕಾಳಿಗೆ ತಕ್ಕಂತೆ ಬದಲಾಗುತ್ತದೆ, ಸವೆಯುತ್ತದೆ ಕೂಡ: ಎರಡು 9. ಅದು ಪ್ರತ್ಯೇಕ ಮಾಡ್ಯೂಲ್, ಚೌಕಟ್ಟಿಗೆ ವೆಲ್ಡ್ ಮಾಡಬೇಡಿ. ಹಾಪರ್‌ಗೆ ಬರೀ 1ಗಳು ಬಂದರೆ ಮೇಲಿನ ಮುಚ್ಚಳಕ್ಕೆ ಸೇರಿಸಿಬಿಡಿ. ವರ್ಷಾನುಗಟ್ಟಲೆ ಬದಲಾಗದ ಚಾಸಿಯನ್ನೂ ಗಿರಾಕಿ ಬಣ್ಣ, ಆಕಾರ ಕೇಳುವ ಹೊರ ತಗಡನ್ನೂ ಮಾತ್ರ ಒಂದು ಮಾಡಬಾರದು. ಅವುಗಳ ಕಾರಣಗಳೇ ಒಂದಕ್ಕೊಂದು ವಿರುದ್ಧ.

ನಿಜವಾದ ತಲೆನೋವು ಇರುವುದು ಸೇರುವ ಜಾಗದಲ್ಲಿ. ಮೋಟರನ್ನೇ ನೋಡಿ. ಒಂದೇ ಎಚ್‌ಪಿ ಇದ್ದರೂ 230 ವೋಲ್ಟ್‌ನ ಸಿಂಗಲ್ ಫೇಸ್ ಮತ್ತು 415 ವೋಲ್ಟ್‌ನ ತ್ರೀ ಫೇಸ್ ಮೋಟರ್‌ಗಳ ಫ್ರೇಮ್ (ಮೈಯ ಅಳತೆ) ಬೇರೆಯಾಗಿರಬಹುದು. 80 ಫ್ರೇಮ್ ಎಂದರೆ ಶಾಫ್ಟಿನ ನಡುಗೆರೆ ಪಾದದಿಂದ 80 ಮಿ.ಮೀ. ಎತ್ತರ, 90 ಫ್ರೇಮ್‌ಗೆ 90. ಪಾದದ ತೂತುಗಳ ಅಂತರವೂ ಬೇರೆ. ಹಾಗಾಗಿ ಮೋಟರಿನ ಅಡಿಗೆ ಒಂದು ಪ್ಲೇಟ್ ಕೊಡಿ: ಮೇಲ್ಗಡೆ ಮೋಟರಿಗೆ ತಕ್ಕ ತೂತು, ಚಾಸಿಯ ಕಡೆಗೆ ಯಾವಾಗಲೂ ಒಂದೇ ಅಂತರದ ಉದ್ದ ಸ್ಲಾಟ್. ಎತ್ತರ ಬದಲಾದಾಗ ಬೆಲ್ಟ್ ಬಿಗಿ ಮಾಡಲು ಅದೇ ಸ್ಲಾಟ್ ಸಾಕು.

ಪ್ರತ್ಯೇಕ ಪರೀಕ್ಷೆಗೆ ಫ್ಯಾನ್ ಒಂದು ಉದಾಹರಣೆ: ಅದನ್ನು ಜೋಡಿಸುವ ಮೊದಲೇ ಬೆಂಚಿನ ಮೇಲೆ ಓಡಿಸಿ ನಡುಕ ನೋಡಿ.

ಹುರುಪಿನಲ್ಲಿ ಅತಿ ಮಾಡಬೇಡಿ. ಅದುರುವ ಯಂತ್ರದಲ್ಲಿ ಪ್ರತಿ ಜೋಡಣೆಯೂ ಸಡಿಲವಾಗುವ ಜಾಗ. ಜೋಡಿಸಬೇಕಾದ ಭಾಗಗಳ ವರ್ಗಮೂಲದಷ್ಟು ಮಾಡ್ಯೂಲ್ ಎಂಬುದೊಂದು ಅಂದಾಜು: 64 ಭಾಗಗಳಿದ್ದರೆ 8ರ ಆಸುಪಾಸು. ಸೇರುವ ತೂತುಗಳಿಗೆ ಡ್ರಿಲ್ಲಿಂಗ್ ಜಿಗ್ (ಪ್ರತಿ ಸಲವೂ ಒಂದೇ ಜಾಗದಲ್ಲಿ ತೂತು ಬೀಳಿಸುವ ಅಚ್ಚು) ಮಾಡಿಸಿ, ಹಳೆಯ ಯಂತ್ರಗಳಿಗೆ ಬಿಡಿಭಾಗ ಕೊಡುವಷ್ಟು ಕಾಲವೂ ಅದನ್ನು ಬದಲಿಸಬೇಡಿ.