ಅಜ್ಜನ ಜೋಡು ನಳಿಗೆ ಬಂದೂಕು: ಬೆಲೆ ತಿಳಿಯುವ ಮೊದಲು ಪಾಲಿಶ್ ಪೇಪರ್ ಮುಟ್ಟಬೇಡಿ

ಕಲಘಟಗಿ, ಹಾನಗಲ್ಲ, ಶಿಗ್ಗಾವಿ ಕಡೆಯಿಂದ ಹುಬ್ಬಳ್ಳಿಯ ನಮ್ಮ ರಿಪೇರಿ ಬೆಂಚಿಗೆ ಬರುವ ಹಳೆಯ ಬಂದೂಕುಗಳಲ್ಲಿ ಹೆಚ್ಚಿನವು ಹೊಲಕ್ಕೆ ಬರುವ ಹಂದಿ ಓಡಿಸಲು ಇಟ್ಟುಕೊಂಡಿದ್ದ 12 ಬೋರಿನವು. ತಂದವರು ಕೇಳುವುದು ಎರಡೇ ಮಾತು: "ಎಷ್ಟು ಬರ್ತದ್ರೀ? ಹೊಸಾದ್ರಂಗ ಮಾಡಿ ಕೊಡ್ತೀರೇನ್ರೀ?" ಎರಡನೆಯದನ್ನು ಮಾಡಿದರೆ ಮೊದಲನೆಯದು ಇಳಿಯುತ್ತದೆ.

ಕಾಗದಪತ್ರ ಮೊದಲು. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಬಂದೂಕನ್ನು ಅಟ್ಟದ ಮೇಲೆ ಇಟ್ಟುಕೊಳ್ಳುವಂತಿಲ್ಲ. ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಜಮಾ ಮಾಡಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದಾಗಿನಿಂದ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, ಕೊಳ್ಳುವವನಿಗೂ ಲೈಸೆನ್ಸ್ ಬೇಕು. ಹೀಗಾಗಿ ಸಾಧಾರಣ ಒಂಟಿ ನಳಿಗೆಗೆ ಗಿರಾಕಿ ಸಿಗುವುದೇ ಕಷ್ಟ.

ಬೆಲೆ ಗೊತ್ತಾಗುವುದು ನಳಿಗೆಯ ತಳದಲ್ಲಿ. ನಳಿಗೆ ಕಳಚಿ ಬೋರಲು ಹಾಕಿದರೆ ಹಿಂಬದಿಯಲ್ಲಿ ಚಪ್ಪಟೆ ಜಾಗ ಕಾಣುತ್ತದೆ, ನಳಿಗೆ ಮದ್ದಿನ ಒತ್ತಡ ತಡೆಯುತ್ತದೆಯೇ ಎಂದು ನೋಡಿದ ಪರೀಕ್ಷೆಯ ಮುದ್ರೆಗಳೆಲ್ಲ ಅಲ್ಲಿರುತ್ತವೆ. ಕಿರೀಟದ ಕೆಳಗೆ ಬಿಪಿ, ಬಿವಿ ಅಕ್ಷರಗಳಿದ್ದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಮೊಟ್ಟೆಯಾಕಾರದ ಗೆರೆಯೊಳಗೆ ಇಎಲ್‌ಜಿ ಇದ್ದರೆ ಬೆಲ್ಜಿಯಂನ ಲಿಯೇಜ್. ಬರ್ಮಿಂಗ್‌ಹ್ಯಾಮಿನದರಲ್ಲಿ ಕಿರೀಟದ ಕೆಳಗೆ ಎನ್‌ಪಿ ಕಂಡರೆ ಈಗಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ ಎಂದರ್ಥ. ಆ ಮುದ್ರೆಯಿಲ್ಲದೆ, ನಳಿಗೆಯ ಮೈಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆಗಳಿದ್ದರೆ ಅದು ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಮಾಡಿದ ಡಮಾಸ್ಕಸ್ ನಳಿಗೆ. ಗೋಡೆಗೆ ಚೆಂದ, ಇವತ್ತಿನ ತೋಟಾ ಹಾಕಬೇಡಿ.

ತೋಟಾ ಕೂರುವ ಕೋಣೆಯ ಉದ್ದವನ್ನೂ ಅಳೆಯುತ್ತೇವೆ. ಹಳೆಯವು ಬಹುತೇಕ 65 ಮಿ.ಮೀ., ಈಗಿನ ತೋಟಾ 70. ಮೋಸ ಇರುವುದು ಇಲ್ಲೇ: ಬಾಯಿ ಮಡಚಿದ ತೋಟಾ ಗಿಡ್ಡ ಇರುವುದರಿಂದ 65ರ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ; ಹಾರಿದಾಗ ಬಿಚ್ಚಿಕೊಂಡ ಬಾಯಿ ಮುಂದಿನ ಇಕ್ಕಟ್ಟಿಗೆ ಚಾಚಿ ಒತ್ತಡ ಏರುತ್ತದೆ.

ಆಮೇಲೆ ನಳಿಗೆಯನ್ನು ಬೆರಳಿಗೆ ತೂಗುಹಾಕಿ ಉಗುರಿನಿಂದ ತಟ್ಟುತ್ತೇವೆ. ಗಂಟೆಯಂತೆ ನಾದ ಬಂದರೆ ಸರಿ. 'ಟೊಕ್' ಅಂದರೆ ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಎಲ್ಲೋ ಬಿಟ್ಟಿದೆ. ಮುಂಗಟ್ಟಿಗೆ (ನಳಿಗೆಯ ಕೆಳಗೆ ಕೈಯಿಂದ ಹಿಡಿಯುವ ಕಟ್ಟಿಗೆ) ತೆಗೆದು ಬಂದೂಕನ್ನು ಕಿವಿಯ ಹತ್ತಿರ ಅಲುಗಾಡಿಸಿದಾಗ ಟಕಟಕ ಅಂದರೆ ಕೀಲು ಸವೆದಿದೆ. ಸ್ಕ್ರೂಗಳ ಸೀಳು ಎಲ್ಲ ಒಂದೇ ದಿಕ್ಕಿಗೆ ನಿಂತು, ಅಂಚು ಕೆಡದೆ ಇದ್ದರೆ ಯಾರೂ ಕೈ ಹಾಕಿಲ್ಲ ಅಂತ ಲೆಕ್ಕ. ಅಂಥದ್ದಕ್ಕೆ ಬೆಲೆ ಉಂಟು.

ತುಕ್ಕಿಗೆ ಸೀಮೆಎಣ್ಣೆ ಹಚ್ಚಿ ಎರಡು ದಿನ ಬಿಡಿ. ಆಮೇಲೆ ಹಳೆಯ ಕಾಲಾಣೆ ನಾಣ್ಯದ ಅಂಚಿನಿಂದ ಕೆರೆದರೆ ತುಕ್ಕಿನ ಗುಳ್ಳೆ ಏಳುತ್ತದೆ, ಉಕ್ಕಿಗೆ ಗೀರು ಬೀಳುವುದಿಲ್ಲ. ನಾಣ್ಯದ ಕಂಚು ಉಕ್ಕಿಗಿಂತ ಮೆತ್ತಗೆ. ಬಫ್ ಯಂತ್ರಕ್ಕೆ ಕೊಟ್ಟರೆ ಕೆತ್ತನೆ, ಹೆಸರು ಎಲ್ಲ ಕರಗಿಹೋಗುತ್ತವೆ. ಬ್ಲೂಯಿಂಗ್, ಅಂದರೆ ಉಕ್ಕಿಗೆ ಕಪ್ಪು-ನೀಲಿ ಬಣ್ಣ ಬರಿಸುವ ಕೆಲಸ, ಲೈಸೆನ್ಸ್ ಇರುವ ಕಸಬುದಾರನಿಗೇ ಬಿಡಿ, ಆದರೆ ಕೇಳಿಕೊಂಡು ಕೊಡಿ. ಕಾಸ್ಟಿಕ್ ಉಪ್ಪಿನ ಬಿಸಿ ದ್ರಾವಣದಲ್ಲಿ ಅದ್ದಿದರೆ ಜೋಡು ನಳಿಗೆಯನ್ನು ಹಿಡಿದಿರುವ ತವರ-ಸೀಸದ ಬೆಸುಗೆ ತಿಂದುಹೋಗುತ್ತದೆ. ಜೋಡು ನಳಿಗೆಗೆ ತುಕ್ಕು ಬರಿಸಿ, ಕುದಿಸಿ, ಉಜ್ಜುವ ನಿಧಾನದ ಪದ್ಧತಿಯೇ ಸೈ; ಆರೆಂಟು ಸುತ್ತು ಬೇಕು.

ಬಟ್ಟಿನ (ಹೆಗಲಿಗೆ ಒತ್ತಿ ಹಿಡಿಯುವ ಕಟ್ಟಿಗೆಯ ಭಾಗ) ಕೆಲಸ ಮಾತ್ರ ತಾಳ್ಮೆಯಿದ್ದರೆ ಮನೆಯಲ್ಲೇ ಆಗುತ್ತದೆ. ಉಕ್ಕಿನ ಪಕ್ಕದ ಕಟ್ಟಿಗೆ ಎಣ್ಣೆ ಕುಡಿದು ಕರ್ರಗಾಗಿದ್ದರೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಮೆತ್ತಿ; ಒಣಗಿದ ಪುಡಿ ಹಳದಿಯಾಗುವುದು ನಿಲ್ಲುವ ತನಕ ಮತ್ತೆ ಮತ್ತೆ. ಬೆಂಕಿ ಹತ್ತಿರ ಬೇಡ. ತಗ್ಗು ಬಿದ್ದಲ್ಲಿ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ತಾಗಿಸಿದರೆ ಹಬೆಗೆ ನಾರು ಉಬ್ಬುತ್ತದೆ. ನಾರು ತುಂಡಾಗಿದ್ದರೆ ಮಾತ್ರ ಏಳುವುದಿಲ್ಲ. ಪಾಲಿಶ್ ಪೇಪರ್ 220, 320, 400, ಅದೂ ಚೌಕಳಿ ಕೆತ್ತನೆಗೆ ಟೇಪು ಹಚ್ಚಿಕೊಂಡು. ಕಟ್ಟಿಗೆ ಉಕ್ಕಿಗಿಂತ ಕೂದಲೆಳೆಯಷ್ಟಾದರೂ ಮೇಲಿರಬೇಕು, ತಗ್ಗಿದರೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಗಾಣದ ಹಸಿ ಅಗಸಿ ಎಣ್ಣೆ ಹಚ್ಚಿದರೆ ವಾರವಾದರೂ ಅಂಟು ಬಿಡುವುದಿಲ್ಲ. ಪೇಂಟಿನ ಅಂಗಡಿಯ ಬಾಯ್ಲ್ಡ್ ಲಿನ್‌ಸೀಡ್ (ಬೇಗ ಒಣಗುವಂತೆ ಮಾಡಿದ ಅಗಸಿ ಎಣ್ಣೆ) ತನ್ನಿ. ಐದಾರು ಹನಿ ಸಾಕು, ಅಂಗೈ ಬಿಸಿಯಾಗುವಷ್ಟು ಉಜ್ಜಿ, ಉಳಿದದ್ದು ಒರೆಸಿ, 24 ಗಂಟೆ ಬಿಡಿ. ಹೀಗೆ ಹದಿನೈದು ಸಲ. ಧಾರವಾಡದ ಮಳೆಗಾಲದಲ್ಲಿ ಒಂದು ಸಲಕ್ಕೆ ಮೂರು ದಿನ ಹಿಡಿಯುತ್ತದೆ, ಅವಸರ ಮಾಡಿದರೆ ಮೇಲೆ ಸುಕ್ಕುಗಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತುತ್ತದೆ. ನೀರಲ್ಲಿ ಅದ್ದಿ ಬಿಡಿಸಿ ಒಣಹಾಕಿ.

ಚುನಾವಣೆಗೆ ಠಾಣೆಯಲ್ಲಿ ಜಮಾ ಕೊಡುವಾಗ ಗೋಣಿಚೀಲ, ಚರ್ಮದ ಗವಸು ಎರಡೂ ಬೇಡ, ತೇವ ಹಿಡಿಯುತ್ತವೆ. ನಳಿಗೆಗೆ ತೆಳ್ಳಗೆ ಗ್ರೀಸ್ ಸವರಿ ದಪ್ಪ ಹತ್ತಿ ಬಟ್ಟೆ ಸುತ್ತಿ. ಮನೆಯ ಕಪಾಟಿನಲ್ಲಾದರೆ ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಬಟ್ಟು ಕೆಳಗಾಗಿ ನಿಲ್ಲಿಸಿದ್ದಕ್ಕೇ ಇಷ್ಟು ವರ್ಷ ಎಣ್ಣೆ ಇಳಿದು ಆ ಕಟ್ಟಿಗೆ ಕರ್ರಗಾದದ್ದು.