ಕರಿ ಉಣ್ಣೆ, ಈರುಳ್ಳಿ ಸಿಪ್ಪೆ, ಏಳು ಸುತ್ತಿನ ಕೋಟೆ

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಕರಿ ಕಂಬಳಿ ಇದೆ. ಚಳ್ಳಕೆರೆ ಕಡೆ ನೇಯ್ದದ್ದು. ಮಳೆಗಾಲದಲ್ಲಿ ಅದನ್ನೇ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಅದರ ಒಂದು ಮೂಲೆ ಹರಿದಿತ್ತು. ಹೊಲಿಯುವ ಮೊದಲು ಕೊಳೆ ಹೋಗಲಿ ಅಂತ ಆ ಮೂಲೆಯನ್ನಷ್ಟೇ ಬಿಸಿನೀರಲ್ಲಿ ಅದ್ದಿ, ಸೋಪು ಹಚ್ಚಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಚೆನ್ನಾಗಿ ತಿಕ್ಕಿದೆ. ಒಣಗಿದ ಮೇಲೆ ನೋಡಿದರೆ ಆ ಭಾಗ ಕುಗ್ಗಿ ದಪ್ಪಗಾಗಿತ್ತು. ನೇಯ್ಗೆಯ ಎಳೆ ಕಾಣುತ್ತಲೇ ಇರಲಿಲ್ಲ. ಅಂಚನ್ನು ಕತ್ತರಿಸಿದರೂ ಒಂದು ನೂಲು ಬಿಚ್ಚಲಿಲ್ಲ.

ನನ್ನ ಫೆಲ್ಟಿಂಗ್ ಹವ್ಯಾಸ, ಅಂದರೆ ಉಣ್ಣೆಯನ್ನು ನೇಯದೆ ತಿಕ್ಕಿಯೇ ಬಟ್ಟೆ ಮಾಡುವ ಕೆಲಸ, ಶುರುವಾದದ್ದು ಆ ಮೂಲೆಯಿಂದ.

ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಸಣ್ಣ ಸಣ್ಣ ಹುರುಪೆ ಇರುತ್ತವೆ. ಬಿಸಿನೀರು, ಸೋಪು ಸಿಕ್ಕಾಗ ಅವು ತೆರೆದುಕೊಳ್ಳುತ್ತವೆ. ತಿಕ್ಕಿದಾಗ ಎಳೆಗಳು ಒಂದರೊಳಗೊಂದು ಹೊಕ್ಕು ಸಿಕ್ಕಿಕೊಳ್ಳುತ್ತವೆ. ಆಮೇಲೆ ಅವು ಹಿಂದಕ್ಕೆ ಜಾರುವುದಿಲ್ಲ. ಮಗ್ಗ ಬೇಡ, ನೂಲು ಬೇಡ, ಸೂಜಿಯೂ ಬೇಡ. ಹಿಂಜಿದ ಉಣ್ಣೆಯನ್ನು ಪದರ ಪದರವಾಗಿ ಹರಡಿ ತಿಕ್ಕಿದರೆ ಬಟ್ಟೆಯೇ ಆಗುತ್ತದೆ.

ಉಣ್ಣೆ ತರಲು ಚಳ್ಳಕೆರೆಗೇ ಹೋದೆ. ಕುರಿ ಸಾಕುವವರು ಒಂದು ಮಾತು ಹೇಳಿಕೊಟ್ಟರು: ಮರಿಯ ಮೊದಲ ಕತ್ತರಿಯ ಉಣ್ಣೆ ಕೇಳಿ ತಗೊಳ್ಳಿ, ಅದೇ ಮೆತ್ತಗಿರುವುದು. ನಿಜ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ. ವಿಡಿಯೋಗಳಲ್ಲಿ ತೋರಿಸುವ ಮೆರಿನೋ ಉಣ್ಣೆ ಹತ್ತು ನಿಮಿಷಕ್ಕೆ ಹಿಡಿದರೆ ಇದಕ್ಕೆ ಮುಕ್ಕಾಲು ಗಂಟೆ ಬೇಕು. ಶಾಲು ಮಾಡಲು ಆಗುವುದಿಲ್ಲ. ಆದರೆ ಕೂರುವ ಚಾಪೆ, ಬಿಸಿ ಪಾತ್ರೆ ಇಡುವ ಮಣೆ, ಚೀಲ ಇವಕ್ಕೆ ಇದರಷ್ಟು ಗಟ್ಟಿ ಬೇರೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ತಂದ ಒಂದು ಕಿಲೋ ಉಣ್ಣೆಯಲ್ಲಿ ಮಣ್ಣು, ಜಿಡ್ಡು, ಉತ್ತರಾಣಿ ಮುಳ್ಳು ಎಲ್ಲಾ ಇತ್ತು. ತೊಳೆದು ಒಣಗಿಸಿದಾಗ ಏಳುನೂರು ಗ್ರಾಂ ಚಿಲ್ಲರೆ ಉಳಿಯಿತು. ತೊಳೆಯುವಾಗ ಕಲಕಬಾರದು, ಸುಮ್ನೆ ನೆನೆಯಲು ಬಿಡಬೇಕು. ಬಿಸಿನೀರಿಂದ ತೆಗೆದು ಸೀದಾ ತಣ್ಣೀರಿಗೆ ಹಾಕಲೂಬಾರದು. ಇಲ್ಲದಿದ್ದರೆ ತೊಳೆಯುವ ಬಕೆಟ್ಟಿನಲ್ಲೇ ಉಣ್ಣೆ ಮುದ್ದೆ ಕಟ್ಟುತ್ತದೆ.

ಮೊದಲ ಮೂರು ತುಂಡು ಹಿಡಿಯಲೇ ಇಲ್ಲ. ಎಷ್ಟು ತಿಕ್ಕಿದರೂ ಮೇಲೆ ಬಿಳಿ ಕೆನೆಯಂಥ ಅಂಟು ಬರುತ್ತಿತ್ತು. ಕೈ ನೋವು ಬಂತು, ಉಣ್ಣೆ ಮಾತ್ರ ಬಿಡಿ ಬಿಡಿಯಾಗೇ ಇತ್ತು. ಬಳಸುತ್ತಿದ್ದದ್ದು ಬೋರ್‌ವೆಲ್ ನೀರು. ಚಿತ್ರದುರ್ಗದ ಬೋರ್ ನೀರು ಎಷ್ಟು ಗಡುಸು ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ, ಅಲ್ವಾ? ಸೋಪು ನೊರೆ ಕೊಡದೆ ಗಸಿಯಾಗಿ ಎಳೆಗಳ ಮೇಲೆ ಕೂರುತ್ತಿತ್ತು. ನಾಲ್ಕನೆಯದಕ್ಕೆ ಹಿಡಿದಿಟ್ಟ ಮಳೆನೀರು ಕಾಯಿಸಿ, ಬಾರ್ ಸೋಪನ್ನು ತುರಿದು ಕರಗಿಸಿ ಹಾಕಿದೆ. ಅರ್ಧ ಗಂಟೆಯಲ್ಲಿ ಹಾಳೆ ಗಟ್ಟಿಯಾಗತೊಡಗಿತು. ಎರಡು ಬೆರಳಲ್ಲಿ ಮೇಲಿನ ಎಳೆ ಚಿವುಟಿ ಎತ್ತಿದರೆ ಇಡೀ ಹಾಳೆ ಮೇಲೆ ಬಂತು. ಆ ಸಂಜೆ ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದೆ.

ಬಣ್ಣದ ವಿಷಯಕ್ಕೆ ಬಂದರೆ ನನಗೆ ಹೇಳಲು ಜಾಸ್ತಿ ಇದೆ.

ಕರಿ ಉಣ್ಣೆಗೆ ಯಾವ ಬಣ್ಣ ಹಾಕಿದರೂ ಕಾಣುವುದಿಲ್ಲ. ಹಾಗಾಗಿ ಬಿಳಿ ಉಣ್ಣೆ ಹುಡುಕಿ ತಂದೆ. ಬಣ್ಣ ಹಿಡಿಯಲಿ ಅಂತ ಮೊದಲು ಪಟಿಕದ ನೀರಲ್ಲಿ ಕಾಯಿಸಬೇಕು, ನೂರು ಗ್ರಾಂ ಉಣ್ಣೆಗೆ 12 ಗ್ರಾಂ ಪಟಿಕ. ಆಮೇಲೆ ಬಣ್ಣ. ಅರಿಶಿನ ಹಾಕಿದಾಗ ಕಣ್ಣು ಕುಕ್ಕುವ ಹಳದಿ ಬಂತು, ಆದರೆ ಕಿಟಕಿ ಬಳಿ ಇಟ್ಟ ತುಂಡು ಎರಡು ವಾರದಲ್ಲಿ ಬೆಳ್ಳಗಾಯಿತು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಈರುಳ್ಳಿ ಸಿಪ್ಪೆ ಅದಕ್ಕಿಂತ ಎಷ್ಟೋ ವಾಸಿ. ನಮ್ಮ ಜಿಲ್ಲೆಯಲ್ಲಿ ಈರುಳ್ಳಿಗೆ ಬರವಿಲ್ಲ. ತರಕಾರಿ ಅಂಗಡಿಯವರು ಸಿಪ್ಪೆಯನ್ನು ಚೀಲದ ತುಂಬ ಹಾಗೇ ಕೊಟ್ಟರು. ಉಣ್ಣೆಯಷ್ಟೇ ತೂಕದ ಸಿಪ್ಪೆ ಕುದಿಸಿ ಸೋಸಿ, ಆ ನೀರಲ್ಲಿ ಒಂದು ಗಂಟೆ ಸಣ್ಣ ಉರಿಯಲ್ಲಿ ಇಟ್ಟರೆ ಮಾಗಿದ ಬಾಳೆಹಣ್ಣಿನಿಂದ ಹಿಡಿದು ತಾಮ್ರದ ಚೊಂಬಿನವರೆಗೆ ಬಣ್ಣ ಸಿಗುತ್ತದೆ. ಅದೇ ನೀರಿಗೆ ತುಕ್ಕು ಹಿಡಿದ ಮೊಳೆ ನೆನೆಸಿದ ನೀರನ್ನು ಎರಡು ಚಮಚ ಹಾಕಿದರೆ ಹಸಿರು ಮಿಶ್ರಿತ ಕಂದು. ಕೆಂಪಿಗೆ ಗ್ರಂಥಿಗೆ ಅಂಗಡಿಯ ಮಂಜಿಷ್ಠದ ಬೇರು. ಅದನ್ನು ಕುದಿಸಿದರೆ ಕೆಂಪು ಹೋಗಿ ಕಂದು ಬರುತ್ತದೆ, ಕೈ ಸುಡುವಷ್ಟು ಬಿಸಿ ಸಾಕು.

ಒರಟು ಉಣ್ಣೆಯಲ್ಲಿ ಗಡುಸು ಕೂದಲಿನಂಥ ಎಳೆಗಳು ಇರುತ್ತವೆ. ಅವು ಬಣ್ಣವನ್ನು ಸರಿಯಾಗಿ ಕುಡಿಯುವುದಿಲ್ಲ. ಕೆಂಪು ಉಣ್ಣೆಯ ನಡುವೆ ಅಲ್ಲಲ್ಲಿ ಬೆಳ್ಳಗೆ ಹೊಳೆಯುತ್ತವೆ. ಮೊದಲು ಅದು ದೋಷ ಅಂತ ಒಂದೊಂದಾಗಿ ಹೆಕ್ಕುತ್ತಿದ್ದೆ. ಈಗ ಹೆಕ್ಕುವುದಿಲ್ಲ. ಅವು ಇದ್ದರೇ ಕೆಂಪಿಗೆ ಜೀವ.

ಬಣ್ಣ ಬೆರೆಸುವುದರಲ್ಲಿ ಉಣ್ಣೆ ಪೇಂಟಿನ ಹಾಗಲ್ಲ. ಪೇಂಟು ಒಂದರಲ್ಲೊಂದು ಕರಗುತ್ತದೆ. ಉಣ್ಣೆಯಲ್ಲಿ ಪ್ರತಿ ಎಳೆಯೂ ತನ್ನ ಬಣ್ಣವನ್ನು ಬಿಡದೆ ಇರುತ್ತದೆ, ಬೆರೆಸುವ ಕೆಲಸ ಕಣ್ಣಿನದು. ನಾಯಿಯ ಕೂದಲು ಬಾಚುವ ತಂತಿ ಬ್ರಷ್ ಎರಡು ತಂದೆ. ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಹತ್ತು ಗ್ರಾಂ ಲೆಕ್ಕ ಹಾಕಿ ಬಾಚುತ್ತಾ ಹೋದೆ. ಎಂಟು ಪಾಲು ಈರುಳ್ಳಿ ಹಳದಿಗೆ ಎರಡು ಪಾಲು ಕರಿ ಉಣ್ಣೆ ಸೇರಿಸಿದಾಗ ನಾನು ನೆನೆಸದ ಬಣ್ಣ ಬಂತು. ಹಸಿರು! ನಮ್ಮೂರ ಹತ್ತಿರದ ಜೋಗಿಮಟ್ಟಿ ಬೆಟ್ಟದ ಮೇಲೆ ಬೇಸಿಗೆಯ ಆರಂಭದಲ್ಲಿ ಹುಲ್ಲಿಗೆ ಇರುತ್ತದಲ್ಲ, ಆ ಒಣ ಹಸಿರು. ನೀಲಿಯ ಒಂದು ಎಳೆಯೂ ಅದರಲ್ಲಿ ಇಲ್ಲ. ಹತ್ತಿರದಿಂದ ನೋಡಿದರೆ ಹಳದಿ ಎಳೆ, ಕರಿ ಎಳೆ ಬೇರೆ ಬೇರೆ. ಕೋಣೆಯ ಆಚೆ ತುದಿಗೆ ಹೋಗಿ ನೋಡಿದರೆ ಹಸಿರು.

ಎಷ್ಟು ಬಾಚಬೇಕು ಅನ್ನುವುದೂ ಮುಖ್ಯ. ಕೆಂಪು ಮತ್ತು ಆ ಒಣ ಹಸಿರನ್ನು ಪೂರ್ತಿ ಬಾಚಿದಾಗ ಕೆರೆಯ ಗೋಡುಮಣ್ಣಿನಂಥ ಮಂಕು ಕಂದು ಆಯಿತು. ಅದನ್ನೇ ನಾಲ್ಕು ಸಲ ಮಾತ್ರ ಬಾಚಿ ನಿಲ್ಲಿಸಿದಾಗ ಎರಡೂ ಬಣ್ಣ ಮಿಣಮಿಣ ಅನ್ನುತ್ತಿದ್ದವು. ಪ್ರತಿ ಮಿಶ್ರಣದ ಒಂದು ಚಿಟಿಕೆಯನ್ನು ರಟ್ಟಿಗೆ ಅಂಟಿಸಿ, ಪಕ್ಕದಲ್ಲಿ ಪಾಲು ಮತ್ತು ಬಾಚಿದ ಲೆಕ್ಕ ಬರೆದಿಟ್ಟಿದ್ದೇನೆ. ಈಗ 46 ಚಿಟಿಕೆ ಇವೆ.

ವಿನ್ಯಾಸಕ್ಕೆ ಮನಸ್ಸಲ್ಲಿ ಇದ್ದದ್ದು ನಮ್ಮ ಏಳು ಸುತ್ತಿನ ಕೋಟೆ. ಒಂದರೊಳಗೊಂದು ಏಳು ಸುತ್ತು, ಪ್ರತಿ ಸುತ್ತಿನಲ್ಲಿ ಒಂದು ಬಾಗಿಲಿನ ಖಾಲಿ ಜಾಗ. ಕೋಟೆಯಲ್ಲಿ ದಾರಿ ತಿರುಗಿ ತಿರುಗಿ ಹೋಗುತ್ತದೆ, ಹಾಗಾಗಿ ಬಾಗಿಲುಗಳು ಎದುರು ಬದುರು ಬರದ ಹಾಗೆ ಗುರುತು ಮಾಡಿಕೊಂಡೆ.

ಮೊದಲ ಸಲ ಹಿಂಜಿದ ಉಣ್ಣೆಯಿಂದಲೇ ಗೆರೆ ಎಳೆದೆ. ತಿಕ್ಕುವಾಗ ಎಳೆಗಳು ಹರಡಿ ಬಾಗಿಲುಗಳೆಲ್ಲ ಮುಚ್ಚಿಹೋದವು. ಕೆಳಗಿನ ಕರಿ ಎಳೆ ಮೇಲೆ ಬಂದು ಕೆಂಪು ಮಸುಕಾಯಿತು. ಸುತ್ತು ಹೋಗಿ ಮೊಟ್ಟೆಯಾಕಾರ ಬೇರೆ. ತಿಕ್ಕಿದ ಮೇಲೆ ಹಾಳೆ ಗಟ್ಟಿಯಾಗಲು ಅದನ್ನು ಸುರುಳಿ ಸುತ್ತಿ ಉರುಳಿಸಬೇಕು. ಒಂದೇ ದಿಕ್ಕಿಗೆ ಉರುಳಿಸಿದರೆ ಉಣ್ಣೆ ಆ ದಿಕ್ಕಿಗೇ ಹೆಚ್ಚು ಕುಗ್ಗುತ್ತದೆ. ಈಗ ಐವತ್ತು ಸಲ ಉರುಳಿಸಿ, ಬಿಚ್ಚಿ, ಕಾಲು ಸುತ್ತು ತಿರುಗಿಸಿ ಮತ್ತೆ ಸುತ್ತುತ್ತೇನೆ.

ಗೆರೆಯ ಸಮಸ್ಯೆಗೆ ಪರಿಹಾರ ಅರೆ ಹದದ ಹಾಳೆ. ಕೆಂಪು ಉಣ್ಣೆಯನ್ನು ಬೇರೆಯಾಗಿ ಹರಡಿ, ಕೈಯಲ್ಲಿ ಎತ್ತಿದರೆ ಹರಿಯದಷ್ಟು ಮಾತ್ರ ತಿಕ್ಕಿ ನಿಲ್ಲಿಸಬೇಕು. ಅದನ್ನು ಕತ್ತರಿಯಿಂದ ಒಂದೂವರೆ ಸೆಂಟಿಮೀಟರ್ ಪಟ್ಟಿಗಳಾಗಿ ಕತ್ತರಿಸಿ ಕರಿ ಉಣ್ಣೆಯ ಮೇಲೆ ಜೋಡಿಸಬೇಕು. ಪೂರ್ತಿ ಗಟ್ಟಿಯಾಗಿದ್ದರೆ ಪಟ್ಟಿ ಕೆಳಗಿನ ಉಣ್ಣೆಗೆ ಕಚ್ಚುವುದಿಲ್ಲ, ತೀರಾ ಸಡಿಲ ಇದ್ದರೆ ಮತ್ತೆ ಹರಡುತ್ತದೆ. ಈ ಹದ ಕೈಗೆ ಸಿಗಲು ನನಗೆ ಆರು ತುಂಡು ಬೇಕಾಯಿತು. ಮೇಲೆ ಹಳೆಯ ಸೊಳ್ಳೆ ಪರದೆ ಹೊದಿಸಿ, ಮೊದಲ ಹತ್ತು ನಿಮಿಷ ತಿಕ್ಕದೆ ಅಂಗೈಯಿಂದ ಒತ್ತುತ್ತಾ ಇದ್ದರೆ ಪಟ್ಟಿ ಜಾರುವುದಿಲ್ಲ.

ಕುಗ್ಗುವ ಲೆಕ್ಕವನ್ನು ಅಂದಾಜಿಗೆ ಬಿಡಬೇಡಿ. ನಾನು ಪ್ರತಿ ಮೂಟೆಯಿಂದ 20 ಸೆಂಟಿಮೀಟರ್ ಚೌಕದ ಮಾದರಿ ಮಾಡಿ ಅಳೆಯುತ್ತೇನೆ. ನನ್ನ ಉಣ್ಣೆ ಸುಮಾರು ಮೂರನೇ ಒಂದು ಭಾಗ ಕುಗ್ಗುತ್ತದೆ. 30 ಸೆಂಟಿಮೀಟರ್ ಚಾಪೆ ಬೇಕಾದರೆ 45ಕ್ಕೆ ಹರಡಬೇಕು. ಬಾಗಿಲಿನ ಜಾಗವನ್ನೂ ಅದೇ ಲೆಕ್ಕದಲ್ಲಿ ಅಗಲ ಬಿಡಬೇಕು.

ಕೋಟೆ ಚಾಪೆ ಕಳೆದ ದೀಪಾವಳಿಗೆ ಮುಗಿಯಿತು. ಕರಿ ನೆಲ, ಮಂಜಿಷ್ಠದ ಕೆಂಪು ಸುತ್ತುಗಳು, ನಡುವೆ ಜೋಗಿಮಟ್ಟಿಯ ಹಸಿರು. ಏಳೂ ಬಾಗಿಲು ತೆರೆದಿವೆ. ಪಕ್ಕದ ಮನೆಯ ಹುಡುಗಿ ಹೊರಗಿನ ಬಾಗಿಲಲ್ಲಿ ಬೆರಳಿಟ್ಟು, ದಾರಿ ಹುಡುಕುತ್ತಾ ಒಳಗಿನವರೆಗೂ ಹೋದಳು. ಆಮೇಲೆ ವಾಪಸ್ಸೂ ಬಂದಳು.